ಅವಲಂಬಿತರ ಸಾಲಿನಲ್ಲಿ ಒಂದು ಹೆಸರು

ಆಸ್ಟೋರಿಯಾ, ಒರೆಗಾನ್
3 ಸೆಪ್ಟೆಂಬರ್ 1974

ತಂಗಿ ಲೆಂಪಿಗೆ,

ಗೆದ್ದೆಯಲ್ಲೇ! ಪಕ್ಷದ ಒಳಚುನಾವಣೆಯಲ್ಲಿ ನೀನು ಗೆದ್ದ ಸುದ್ದಿ ನಮ್ಮ ಫಿನ್ನಿಶ್ ಪತ್ರಿಕೆಯಲ್ಲಿ ಬಂದಾಗಲೇ ಬರೆಯಬೇಕಿತ್ತು. ಸಾಲ್ಮನ್ ಮೀನಿನ ಹಂಗಾಮು ನೋಡು, ಹರಿದ ಬಲೆಗಳ ರಾಶಿ ನನ್ನ ಕುತ್ತಿಗೆಯವರೆಗೆ ಬಂದಿತ್ತು. ಸುದ್ದಿ ಮೂರನೇ ಪುಟದಲ್ಲಿ ಸತ್ತವರ ಪಟ್ಟಿಯ ಪಕ್ಕದಲ್ಲೇ ಇತ್ತು, ಆದರೂ ಫೋಟೋ ಚೆನ್ನಾಗಿದೆ. ಇನ್ನು ನಿನಗೆ 'ಮಾನ್ಯರೇ' ಎಂದು ಬರೆಯಬೇಕೋ ಏನೋ. ನಾನಂತೂ ಬರೆಯುವವನಲ್ಲ. ನಿನ್ನ ಮೂಗು ಒರೆಸಿದ ಕೈ ಇದು.

ಹಿಲ್ಮಾಳ ಬೋರ್ಡಿಂಗ್ ಮನೆಯಲ್ಲಿ ಗುರುವಾರ ಮಧ್ಯಾಹ್ನ ಊಟದ ಮೇಜಿನಲ್ಲಿ ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು ಈಗಲೂ ನನ್ನದೇ ಕೆಲಸ. ಒಂಬತ್ತು ಜನ ಮುದುಕರು, ಒಬ್ಬನಿಗೂ ಕಣ್ಣು ಸರಿಯಿಲ್ಲ. ಯಾಲ್ಮರ್‌ಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ. ನಿನ್ನ ಹೆಸರು ಓದಿದಾಗ ಮೇಜು ಕುಟ್ಟಿದ್ದೇ ಕುಟ್ಟಿದ್ದು. ಕುಸ್ತಾ ಮಾತ್ರ, "ಶಾಲೆ ಅಡುಗೆಮನೇಲಿ ಇಪ್ಪತ್ತು ವರ್ಷ ಸೌಟು ಹಿಡಿದೋಳು ಲ್ಯಾನ್ಸಿಂಗ್ ವಿಧಾನಸಭೆಗೆ ಹೋಗಿ ಏನ್ ಮಾಡ್ತಾಳೆ? ಎಲ್ರೂ ಕಳ್ರೇ ಬಿಡಪ್ಪ" ಎಂದ. ಅವನ ಪ್ರಕಾರ ಪಾದ್ರಿಯೂ ಕಳ್ಳ, ಪೋಸ್ಟ್‌ಮ್ಯಾನೂ ಕಳ್ಳ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ಎದುರಾಳಿ ಆ ಪ್ರೂಟ್ ಹನ್ನೆರಡು ವರ್ಷದಿಂದ ಶಾಸಕ, ಜೊತೆಗೆ ಮರದ ಅಡ್ಡೆಯ ಮಾಲೀಕ. ಸರ್ಕಾರದ ಕಾಡಿನ ಮರ ಯಾವ ದಾರಿಯಲ್ಲಿ ಅವನ ಅಡ್ಡೆ ಸೇರುತ್ತದೆ ಎಂದು ಯಾರೂ ಕೇಳುವುದಿಲ್ಲವಂತೆ. ನೀನು ಕೇಳು. ಟ್ಯಾಕ್ಸ್ ರಿಟರ್ನ್ ತೋರಿಸು ಎಂದು ಕೇಳು. ದೇಶದ ದೊಡ್ಡ ಕುರ್ಚಿಯಲ್ಲಿ ಕೂತವರೇ ತಮ್ಮ ತೆರಿಗೆ ಕಾಗದ ಜನರ ಮುಂದಿಡಬೇಕಾಗಿ ಬಂತು, ಮರದ ಸಾಹುಕಾರನದು ಯಾವ ದೊಡ್ಡಸ್ತಿಕೆ? ಜನರ ದುಡ್ಡು ಮುಟ್ಟಲು ಹೊರಟವನು ತನ್ನ ಜೇಬು ಹೊರಗೆಳೆದು ತೋರಿಸಬೇಕು. ಇದರಲ್ಲಿ ಎರಡು ಮಾತಿಲ್ಲ.

ನನ್ನ ಬಗ್ಗೆ ಯೋಚನೆ ಬೇಡ. ದೋಣಿಯಲ್ಲಿ ಬೆನ್ನು ಮುರಿದುಕೊಂಡು ಎಂಟು ವರ್ಷವಾಯಿತು, ನಮ್ಮ ಮೀನುಗಾರರ ಸಂಘ ಒಂದು ತಿಂಗಳೂ ತಪ್ಪದೆ ನನ್ನ ಕೋಣೆಗೂ ಊಟಕ್ಕೂ ಹಿಲ್ಮಾಳಿಗೆ ಕಟ್ಟುತ್ತಿದೆ. ಕುಸ್ತಾ ಕಳ್ಳರ ಪಟ್ಟಿ ಹೇಳಲು ಶುರು ಮಾಡಿದಾಗಲೆಲ್ಲ ನಾನು ಇದನ್ನೇ ಅವನ ಮುಖಕ್ಕೆ ಹಿಡಿಯುತ್ತೇನೆ. ಚಂದಾ ಕಟ್ಟಿದ್ದೆವು, ಕಷ್ಟಕ್ಕೆ ಒದಗಿತು. ಯಾರ ಮುಂದೆಯೂ ಕೈಚಾಚಲಿಲ್ಲ ನಾನು.

ನಿನ್ನ ಅಣ್ಣ,
ತೌನೊ

*

ಸ್ಯಾಂಡ್ ಕ್ರೀಕ್, ಮಿಶಿಗನ್
12 ಸೆಪ್ಟೆಂಬರ್ 1974

ಅಣ್ಣಾ,

ನಿನ್ನ ಮಾತು ಕೇಳಿದೆ. ಕೇಳಿದ್ದಷ್ಟೇ ಅಲ್ಲ, ಕುಣಿದುಬಿಟ್ಟೆ!

ಮಂಗಳವಾರ ಚರ್ಚಿನ ನೆಲಮಾಳಿಗೆಯಲ್ಲಿ ಇಬ್ಬರನ್ನೂ ಕೂರಿಸಿ ಪ್ರಶ್ನೆ ಕೇಳಿದರು. ಇನ್ನೂರು ಜನ ಇದ್ದರು, ಕಾಫಿ ಮೂರು ಸಲ ಖಾಲಿಯಾಯಿತು. ಆಸ್ಪತ್ರೆ ಮುಚ್ಚುವ ಮಾತು ಬಂತು, ರಸ್ತೆ ಮಾತು ಬಂತು. ನಾನು ಎದ್ದು ನಿಂತು, "ಪ್ರೂಟ್ ಅವ್ರೇ, ನಿಮ್ ಟ್ಯಾಕ್ಸ್ ರಿಟರ್ನ್ ತೋರಿಸ್ತೀರಾ?" ಎಂದೆ.

ಆ ಮನುಷ್ಯ ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತಾ, "ನೋಡಿ ಲೆಂಪಿ, ಅದು ನಂದೊಬ್ಬನ್ದೇ ಕಾಗದ ಅಲ್ಲ. ನನ್ ಹೆಂಡ್ತಿ ಹೆಸ್ರೂ ಅದ್ರಲ್ಲಿದೆ. ಅವ್ಳು ಓಟಿಗೆ ನಿಂತಿಲ್ಲ" ಎಂದ.

ನಾನು ಬಿಡಲಿಲ್ಲ. "ಅಯ್ಯೋ ಪಾಪ, ಹೆಂಡ್ತಿ ಸೆರಗಿನ ಹಿಂದೆ ಎಷ್ಟು ಟ್ರಕ್ ಮರ ಬಚ್ಚಿಟ್ಟಿದೀರ?" ಎಂದೆ. ಜನ ಬಿದ್ದು ಬಿದ್ದು ನಕ್ಕರು. ನನಗೆ ಅದು ತಲೆಗೇರಿತು ಎಂದೇ ಕಾಣುತ್ತದೆ. "ಅಕ್ಟೋಬರ್ ಹತ್ತೊಂಬತ್ತಕ್ಕೆ ಫಿನ್ ಸಭಾಭವನದ ಬೋರ್ಡಿಗೆ ನಂದೂ ನನ್ ಗಂಡ ಆರ್ವಿಡ್‌ದೂ ಕಾಗದ ಅಂಟಿಸ್ತೀನಿ. ಒಂದು ಸಾಲೂ ಮುಚ್ಚಲ್ಲ. ಒಂದು ಸಾಲು ಮುಚ್ಚಿದ್ರೂ ಅದು ಸುಳ್ಳೇ" ಎಂದೆ. ಫಿನ್ನಿಶ್ ಪತ್ರಿಕೆಯವರು ಬರೆದುಕೊಂಡರು. ಕಾಗದ ಅಂಟಿಸಿದ ಮೇಲೆ ಅದನ್ನು ಪೂರ್ತಿ ಅಚ್ಚು ಹಾಕುತ್ತಾರಂತೆ.

ಮನೆಗೆ ಬರುವಾಗ ಕಾರಿನಲ್ಲಿ ಆರ್ವಿಡ್ ಒಂದು ಮಾತೂ ಆಡಲಿಲ್ಲ. ಗಣಿಯ ವರ್ಕ್‌ಶಾಪಿನಲ್ಲಿ ದುಡಿದ ಸಂಬಳ ಊರಿಗೆಲ್ಲ ಗೊತ್ತಾಗುತ್ತದಲ್ಲ ಎಂದು ಮುಜುಗರ ಇರಬೇಕು. ಕೇಳುತ್ತೇನೆ.

ಬೆನ್ನು ಹೇಗಿದೆ? ಹಿಲ್ಮಾಳನ್ನು ಕೇಳಿದೆನೆಂದು ಹೇಳು.

ಲೆಂಪಿ

*

ಆಸ್ಟೋರಿಯಾ
19 ಸೆಪ್ಟೆಂಬರ್ 1974

ಲೆಂಪಿ,

ಭಲೇ! ಇವತ್ತು ಪತ್ರಿಕೆ ಬಂತು, ನೀನು ಮೊದಲ ಪುಟದಲ್ಲಿದ್ದೀಯ. ಸೆರಗಿನ ಮಾತು ಓದಿದಾಗ ಯಾಲ್ಮರ್‌ಗೆ ಸೂಪು ನೆತ್ತಿಗೇರಿತು. ಇನ್ನೊಂದು ಸಲ ಓದು ಎಂದರು, ಓದಿದೆ. ಕುಸ್ತಾ, "ತೋರಿಸ್ಲಿ ನೋಡೋಣ" ಎಂದಷ್ಟೇ ಗೊಣಗಿದ. ನಾನು ಹೇಳಿದೆ, "ಅಕ್ಟೋಬರ್ ಕೊನೇಲಿ ಆ ಕಾಗದ ಪತ್ರಿಕೇಲಿ ಬರತ್ತೆ. ಮೊದಲ ಸಾಲಿಂದ ಕೊನೇ ಸಾಲಿನ ತನಕ ಇದೇ ಮೇಜಲ್ಲಿ ನಾನೇ ಓದ್ತೀನಿ. ಆಗ ನೀನು ಎದ್ದು ನಿಂತು ಕ್ಷಮೆ ಕೇಳ್ಬೇಕು." ಒಪ್ಪಿದ. ಒಂದು ಡಬ್ಬಿ ತಂಬಾಕು ಪಂಥ.

ಹಿಲ್ಮಾ ಮಾತ್ರ ಯಾಕೋ ಪಾತ್ರೆ ಕುಕ್ಕಿದಳು. ಹೆಂಗಸರು ಹೆಂಗಸರನ್ನು ಹೊಗಳುವುದಿಲ್ಲ ಬಿಡು.

ಪ್ರೂಟ್ ಹೇಳಿದ್ದು ಹಳೇ ನೆಪ. ಹೆಂಡತಿ ಹೆಸರಂತೆ! ಮುಚ್ಚಿಡುವುದೇನೂ ಇಲ್ಲದವನಿಗೆ ಭಯ ಯಾಕೆ? ನೀನು ಸಡಿಲ ಬಿಡಬೇಡ. ನಮ್ಮಪ್ಪ ಗಣಿ ಮುಷ್ಕರದಲ್ಲಿ ಆರು ತಿಂಗಳು ಕೂಲಿಯಿಲ್ಲದೆ ಕೂತ ಮನುಷ್ಯ. ಕೊಟ್ಟ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲ.

ತೌನೊ

*

ಸ್ಯಾಂಡ್ ಕ್ರೀಕ್
28 ಸೆಪ್ಟೆಂಬರ್ 1974

ಅಣ್ಣಾ,

ಆಲೂಗಡ್ಡೆ ಕಿತ್ತಾಯಿತು. ಈ ಸಲ ಚಿಕ್ಕವು, ಆದರೆ ಹುಳ ಇಲ್ಲ. ಆರ್ವಿಡ್ ಸೌನಾದ ಹಬೆಕೋಣೆಯ ಮೆಟ್ಟಿಲು ಹೊಸದಾಗಿ ಹಾಕಿದ. ನೆಲ ಆಗಲೇ ತಣ್ಣಗಾಗಿದೆ.

ನೀನು ಇನ್ನೂ ಎಷ್ಟು ಬಲೆ ಹೆಣೆಯುತ್ತೀಯ? ಬೆನ್ನಿಗೆ ಕಷ್ಟವಾಗುವುದಿಲ್ಲವೇ? ಮೀನುಗಾರರು ಒಂದು ಬಲೆಗೆ ಏನು ಕೊಡುತ್ತಾರೆ? ಸುಮ್ಮನೆ ಕೇಳಿದೆ. ಇನ್ನೊಂದು, ಪತ್ರಿಕೆಯನ್ನು ಪ್ರತಿ ವಾರ ನೀನೇ ಓದಲೇಬೇಕೇ? ಬೇರೆ ಯಾರಾದರೂ ಓದಬಾರದೇ? ಗಂಟಲಿಗೂ ವಿಶ್ರಾಂತಿ ಬೇಕಲ್ಲ.

ಆ ತೆರಿಗೆ ಕಾಗದದ ವಿಷಯ ಜನ ಇಷ್ಟು ಹಿಡಿದುಕೊಳ್ಳುತ್ತಾರೆ ಎಂದು ಎಣಿಸಿರಲಿಲ್ಲ. ಅಂಗಡಿಯಲ್ಲಿ, ಚರ್ಚಿನಲ್ಲಿ ಎಲ್ಲರೂ ಅದನ್ನೇ ಕೇಳುತ್ತಾರೆ. ಪ್ರಚಾರ ನೋಡಿಕೊಳ್ಳುವ ಹುಡುಗಿ, "ಬೇಕಿಲ್ಲದ ಸಾಲಿಗೆ ಕಪ್ಪು ಪಟ್ಟಿ ಅಂಟಿಸಿದ್ರಾಯ್ತು ಬಿಡಿ ಆಂಟಿ" ಎನ್ನುತ್ತಾಳೆ. ಒಂದು ಸಾಲೂ ಮುಚ್ಚಲ್ಲ ಎಂದು ಇನ್ನೂರು ಜನರ ಮುಂದೆ ಬಾಯಿ ಬಡಿದುಕೊಂಡವಳು ನಾನೇ. ನನಗೆ ಈಗ ಅನಿಸುವುದೇನೆಂದರೆ, ಅಭ್ಯರ್ಥಿಯ ಆಸ್ತಿ ಎಷ್ಟು, ಯಾವ ಕಂಪನಿಯಲ್ಲಿ ಪಾಲಿದೆ ಎಂದು ತಿಳಿದರೆ ಸಾಲದೇ? ಇಡೀ ಕಾಗದ ಯಾಕೆ ಬೇಕು? ಪ್ರೂಟ್ ಹೇಳಿದ್ದು ಪೂರ್ತಿ ನೆಪ ಇರಲಾರದು ಎಂದೂ ಒಮ್ಮೊಮ್ಮೆ ಅನಿಸುತ್ತದೆ.

ತಂಬಾಕಿನ ಪಂಥ ಕಟ್ಟಬಾರದಿತ್ತು ನೀನು.

ಲೆಂಪಿ

*

ಆಸ್ಟೋರಿಯಾ
4 ಅಕ್ಟೋಬರ್ 1974

ಲೆಂಪಿ,

ಆಲೂಗಡ್ಡೆ, ಸೌನಾ, ಗಂಟಲು! ನನ್ನನ್ನು ಏನೆಂದುಕೊಂಡಿದ್ದೀಯ? ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೂರನೇ ಸಲ ತಿಳಿಯಿತು, ನೀನೇನೋ ಮುಚ್ಚಿಡುತ್ತಿದ್ದೀಯ.

ಏನು ಮಾಡಿದ್ದಾನೆ ಆರ್ವಿಡ್? ನೇರ ಹೇಳು. ವರ್ಕ್‌ಶಾಪಿನ ಹೊರಗೆ ಗುಟ್ಟಾಗಿ ಇಂಜಿನ್ ರಿಪೇರಿ ಮಾಡಿ ದುಡ್ಡು ಮುಚ್ಚಿಟ್ಟನೇ? ಅಥವಾ ನೀನೇ ಶಾಲೆಯ ಅಡುಗೆಮನೆಯ ಲೆಕ್ಕದಲ್ಲಿ ಏನಾದರೂ ಮಾಡಿಕೊಂಡೆಯಾ? ನಾನು ಹೀಗೆ ಕೇಳುತ್ತೇನೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಮೂರು ವಾರದ ಹಿಂದೆ ಪ್ರೂಟ್‌ನ ಮುಖಕ್ಕೆ ಹೊಡೆದ ಹಾಗೆ ಮಾತಾಡಿದವಳು ಈಗ ಅವನ ಮಾತನ್ನೇ ಕಕ್ಕುತ್ತಿದ್ದೀಯ.

ಏನಿದ್ದರೂ ತೋರಿಸು. ತಪ್ಪಿದ್ದರೆ ದಂಡ ಕಟ್ಟಿ ತೋರಿಸು. ಹತ್ತು ಡಾಲರ್ ಮುಚ್ಚಿಟ್ಟವಳನ್ನು ನಾನು ಕ್ಷಮಿಸಿಯೇನು. ಮಾತು ಕೊಟ್ಟು ಬೆನ್ನು ತೋರಿಸುವವಳನ್ನು ಅಲ್ಲ. ನಾಳೆ ಈ ಮೇಜಿನಲ್ಲಿ ಕುಸ್ತಾನ ಮುಂದೆ ಯಾವ ಮುಖ ಇಟ್ಟುಕೊಂಡು ಕೂರಲಿ? ನನಗೆ ಇರುವುದು ಈ ಮೇಜೊಂದೇ.

ತೌನೊ

*

ಸ್ಯಾಂಡ್ ಕ್ರೀಕ್
9 ಅಕ್ಟೋಬರ್ 1974

ಅಣ್ಣಾ,

ಕೂತುಕೊಂಡು ಓದು. ಮೇಜಿನಲ್ಲಿ ಓದಬೇಡ, ಒಬ್ಬನೇ ಇರುವ ಕಡೆ ಹೋಗಿ ಓದು.

ಆರ್ವಿಡ್ ಏನೂ ಮಾಡಿಲ್ಲ. ಅಡುಗೆಮನೆಯಿಂದ ನಾನು ಒಂದು ಈರುಳ್ಳಿ ತಂದಿಲ್ಲ. ನಮ್ಮ ಕಾಗದದಲ್ಲಿ ಇರುವುದು ನೀನು.

ನಿನ್ನ ಸಂಘದ ಸಹಾಯನಿಧಿ ಅರವತ್ತಾರರಲ್ಲೇ ಬರಿದಾಗಿ ಮುಚ್ಚಿತು. ನೀನು ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಹಿಲ್ಮಾ ನನಗೆ ಬರೆದಳು, "ಇವನನ್ನು ಇಟ್ಟುಕೊಳ್ಳಲು ನನಗೆ ಮನಸ್ಸಿದೆ, ಕೈಯಲ್ಲಿ ಕಾಸಿಲ್ಲ" ಎಂದು. ಅದಕ್ಕೂ ಮೊದಲು ನಾನು ನಿನಗೆ ಕಳಿಸಿದ ಮನಿಆರ್ಡರನ್ನು ನೀನು ಎರಡು ತುಂಡು ಮಾಡಿ ಅದೇ ಲಕೋಟೆಯಲ್ಲಿ ವಾಪಸು ಕಳಿಸಿದ್ದೆ, ಮರೆತೆಯಾ? ಅದಕ್ಕೇ ನಾವಿಬ್ಬರು ಹೆಂಗಸರು ಸೇರಿ ಸಂಘದ ಹೆಸರು ಹೇಳಿದೆವು. ಅಂದಿನಿಂದ ಪ್ರತಿ ತಿಂಗಳ ಚೆಕ್ಕು ಇಲ್ಲಿಂದ ಹಿಲ್ಮಾಳ ಹೆಸರಿಗೆ ಹೋಗುತ್ತಿದೆ. ಎಂಟು ವರ್ಷ ನೀನು ಸಂಘವನ್ನು ಹೊಗಳಿ ಬರೆದಾಗಲೆಲ್ಲ ನಾನು ಆ ಸಾಲನ್ನು ಬೇಗ ಬೇಗ ದಾಟಿಬಿಡುತ್ತಿದ್ದೆ.

ಇಷ್ಟೇ ಆಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಗಣಿಯಲ್ಲಿ ಕೆಲಸ ಕಡಿಮೆಯಾದಾಗ ಆರ್ವಿಡ್, "ತೌನೊನ ಅವಲಂಬಿತ ಅಂತ ತೋರಿಸಿದ್ರೆ ತೆರಿಗೆ ಸ್ವಲ್ಪ ಇಳಿಯತ್ತೆ. ಕಾನೂನಲ್ಲೇ ಇದೆ, ತಪ್ಪೇನಿಲ್ಲ" ಎಂದ. ಒಪ್ಪಿದೆ. ಅಂದಿನಿಂದ ಪ್ರತಿ ವರ್ಷ ಫಾರಂ ತುಂಬುವುದು ನಾನೇ. ಅವಲಂಬಿತರ ಸಾಲಿನಲ್ಲಿ ನಿನ್ನ ಹೆಸರು, ಸಂಬಂಧ ಅಣ್ಣ. ಅದರ ಪಕ್ಕ ಒಂದು ಕಾಲಂ ಇದೆ. ಆತನ ಜೀವನಕ್ಕೆ ನೀವು ಕೊಟ್ಟದ್ದು ಎಷ್ಟು, ಪೂರ್ತಿ ನೀವೇ ಕೊಟ್ಟಿದ್ದರೆ 'ಎಲ್ಲ' ಎಂದು ಬರೆಯಿರಿ, ಅಂತ. ನಾನು 'ಎಲ್ಲ' ಎಂದು ಬರೆದೆ. ಅದರಾಚೆಯ ಕಾಲಂನಲ್ಲಿ ಆತ ಸ್ವತಃ ಕೊಟ್ಟದ್ದು ಸೊನ್ನೆ.

ಚರ್ಚಿನಲ್ಲಿ ಮಾತು ಕೊಡುವಾಗ ಇದು ನನ್ನ ನೆನಪಿಗೇ ಬರಲಿಲ್ಲ ಅಣ್ಣಾ. ಮನೆಗೆ ಬಂದು ಎರಡು ದಿನವಾದ ಮೇಲೆ ಆರ್ವಿಡ್ ಡ್ರಾಯರಿನಿಂದ ಕಾಗದ ತೆಗೆದು ಆ ಸಾಲಿನ ಮೇಲೆ ಬೆರಳಿಟ್ಟು, "ಇದನ್ನ ಅವ್ನು ಆ ಮೇಜಲ್ಲಿ ಓದ್ತಾನೆ, ಅಲ್ವಾ?" ಎಂದ. ಕಾರಿನಲ್ಲಿ ಅವನು ಸುಮ್ಮನಿದ್ದದ್ದು ಸಂಬಳದ ಮುಜುಗರಕ್ಕಲ್ಲ.

ಪ್ರೂಟ್‌ಗೆ ನಾನು ಆಡಿದ ಮಾತು ನೆನೆದರೆ ಈಗ ನಾಚಿಕೆಯಾಗುತ್ತದೆ. ಅವನ ಕಾಗದದಲ್ಲಿ ಏನಿದೆಯೋ ನನಗೇನು ಗೊತ್ತು? ಮರವೂ ಇರಬಹುದು, ಮನುಷ್ಯರೂ ಇರಬಹುದು.

ನೀನು ಬೇಡ ಎಂದರೆ ತೋರಿಸುವುದಿಲ್ಲ. ಸರಿ ಎಂದರೆ ತೋರಿಸುತ್ತೇನೆ. ಹತ್ತೊಂಬತ್ತರೊಳಗೆ ಒಂದು ಸಾಲು ಬರೆ. ಬೈಯುವುದಿದ್ದರೂ ಬೈದು ಬರೆ.

ನಿನ್ನ ತಂಗಿ,
ಲೆಂಪಿ

*

ಸ್ಯಾಂಡ್ ಕ್ರೀಕ್
20 ಅಕ್ಟೋಬರ್ 1974

ಅಣ್ಣಾ,

ನಿನ್ನಿಂದ ಏನೂ ಬರಲಿಲ್ಲ. ದಿನಾ ಅಂಚೆ ಡಬ್ಬಿಯಲ್ಲಿ ಕೈಯಾಡಿಸಿದೆ. ಉತ್ತರ ಬಾರದಿದ್ದರೆ ಬೇಡ ಎಂದೇ ಅರ್ಥ ಮಾಡಿಕೊಂಡೆ.

ನಿನ್ನೆ ಸಭಾಭವನಕ್ಕೆ ಬರಿಗೈಯಲ್ಲಿ ಹೋದೆ. ಬೋರ್ಡಿನಲ್ಲಿ ಜಾಗ ಬಿಟ್ಟು ಇಟ್ಟಿದ್ದರು, ನಾಲ್ಕು ಪಿನ್ನು ಸಮೇತ. "ಕಾಗದ ತರಲಿಲ್ಲ, ತರೋದೂ ಇಲ್ಲ. ಕಾರಣ ಹೇಳೋಕಾಗಲ್ಲ. ಪ್ರೂಟ್ ಅವ್ರಿಗೆ ನಾನಾಡಿದ ಮಾತು ತಪ್ಪು, ಕ್ಷಮಿಸಿ" ಎಂದೆ. ಹಿಂದಿನ ಸಾಲಿನಿಂದ ಒಬ್ಬರು ಸೀಟಿ ಹಾಕಿದರು. ನಾನು ಅಡುಗೆ ಬಡಿಸಿ ಬೆಳೆಸಿದ ಹುಡುಗನೇ ಅವನು. ಪತ್ರಿಕೆಯವರು ಇದನ್ನೂ ಬರೆದುಕೊಂಡರು. ಗುರುವಾರ ನಿನಗೇ ಸಿಗುತ್ತದೆ.

ನನ್ನ ಮೇಲೆ ಸಿಟ್ಟಿರಲಿ. ಊಟ ಬಿಡಬೇಡ.

ಲೆಂಪಿ

*

ಆಸ್ಟೋರಿಯಾ
25 ಅಕ್ಟೋಬರ್ 1974

ಲೆಂಪಿ,

ಊಟ ಬಿಟ್ಟೆ. ಅದನ್ನೇ ಮೊದಲು ಹೇಳುತ್ತೇನೆ.

ನಿನ್ನ ಕಾಗದವನ್ನು ಹಡಗುಕಟ್ಟೆಯಲ್ಲಿ ನಾನು ಬಲೆ ಹೆಣೆಯುವ ಅಟ್ಟದಲ್ಲಿ ಕೂತು ಓದಿದೆ. ಓದಿ ಎದ್ದವನು ಹಿಲ್ಮಾಳ ಅಡುಗೆಮನೆಗೆ ಹೋಗಿ, "ಸಂಘದ ಚೆಕ್ಕು ತೋರ್ಸು" ಎಂದೆ. ಅವಳು ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು. ಬಾಯಿಗೆ ಬಂದ ಹಾಗೆ ಬೈದೆ. ಹಾಸಿಗೆ ಸುತ್ತಿಕೊಂಡು ಅಟ್ಟಕ್ಕೇ ಬಂದುಬಿಟ್ಟೆ. ಬ್ರೆಡ್ಡು, ಒಣಮೀನು, ಕರೀ ಕಾಫಿ. ನಿನಗೆ ಬರೆಯಲು ಕೂತಾಗಲೆಲ್ಲ ಎರಡು ಸಾಲು ಬರೆದು ಹರಿದು ಹಾಕಿದೆ. ಸಿಟ್ಟಿಗೋ ಅವಮಾನಕ್ಕೋ ತಿಳಿಯಲಿಲ್ಲ. ಎಂಟು ವರ್ಷ ಕುಸ್ತಾನ ಮುಂದೆ ಸಂಘ ಸಂಘ ಎಂದು ಎದೆ ತಟ್ಟಿಕೊಂಡೆನಲ್ಲೇ! ಎಂಥ ಕೋಡಂಗಿಯಾಗಿ ಕುಣಿದೆ ನಾನು!

ನಿನ್ನೆ ಗುರುವಾರ ಮಧ್ಯಾಹ್ನ ಅಟ್ಟದ ಮೆಟ್ಟಿಲಲ್ಲಿ ಯಾರೋ ತಡಕುವ ಸದ್ದಾಯಿತು. ನೋಡಿದರೆ ಯಾಲ್ಮರ್. ಆ ಕುರುಡ ಹಡಗುಕಟ್ಟೆಯುದ್ದಕ್ಕೂ ಗೋಡೆ ಹಿಡಿದುಕೊಂಡು ಬಂದಿದ್ದ. "ಹೋದ ವಾರಾನೂ ಪತ್ರಿಕೆ ಓದ್ಲಿಲ್ಲ ಮಾರಾಯ. ಯಾರು ಸತ್ರು ಅಂತಾನೂ ಗೊತ್ತಿಲ್ಲ ನಂಗೆ. ನೀನು ಊಟ ಮಾಡ್ಬೇಡ, ಬಂದು ಓದಿ ಹೋಗು" ಎಂದ. ಏನು ಹೇಳಲಿ ಅಂಥವನಿಗೆ? ಹೋದೆ. ಕೂರಲಿಲ್ಲ, ನಿಂತೇ ಓದಿದೆ.

ಮೊದಲ ಪುಟದಲ್ಲಿ ನೀನಿದ್ದೆ. 'ಕಾಗದ ತೋರಿಸಲು ಲೆಂಪಿ ಹಾರ್ಯು ನಕಾರ, ಕಾರಣ ಗುಟ್ಟು.' ಸೀಟಿ ಹಾಕಿದ್ದೂ ಬರೆದಿದ್ದಾರೆ. ಓದಿ ಮುಗಿಸಿದೆ. ಕುಸ್ತಾ ಕೈ ಚಾಚಿ, "ಎಲ್ಲಿ ನನ್ ತಂಬಾಕು? ಹೇಳಿರ್ಲಿಲ್ವಾ, ನಿನ್ ತಂಗೀನೂ ಅದೇ ಕಳ್ರ ಗುಂಪು" ಎಂದು ನಕ್ಕ. ಉಳಿದವರೂ ನಕ್ಕರು. ಅವರಿಗೆ ಕೆಟ್ಟ ಮನಸ್ಸಿರಲಿಲ್ಲ. ಅವರಿಗೇನು ಗೊತ್ತು?

ಆ ನಗು ನನಗೆ ತಡೆಯಲಾಗಲಿಲ್ಲ ಲೆಂಪಿ. ನನ್ನನ್ನು ನೋಡಿ ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. "ಬಾಯ್ಮುಚ್ಚೋ ಕುಸ್ತಾ. ಆ ಕಾಗದದಲ್ಲಿರೋ ಗುಟ್ಟು ನಾನು. ಎಂಟು ವರ್ಷದಿಂದ ನಂಗೆ ಅನ್ನ ಹಾಕ್ತಿರೋದು ಸಂಘ ಅಲ್ಲ, ಅವ್ಳು. ನನ್ ಮಾನ ಕಾಯಕ್ಕೆ ಹೋಗಿ ಅವ್ಳು ಅಷ್ಟು ಜನರ ಮುಂದೆ ಸೀಟಿ ಹೊಡಿಸ್ಕೊಂಡ್ಳು" ಎಂದೆ. ಅಂದುಬಿಟ್ಟೆ. ಬಾಯಿಂದ ಬಂದ ಮೇಲೆ ಕುರ್ಚಿ ಎಳೆದು ಕೂತೆ.

ಆಮೇಲೆ ಯಾಲ್ಮರ್ ಮೆಲ್ಲಗೆ, "ಹಿಲ್ಮಾ, ನಂದೂ ಸಂಘವೇ ಕಟ್ಟತ್ತೆ ಅಂದಿದ್ಯಲ್ಲ, ನಂದು ಯಾರು ಕಟ್ತಿದಾರೆ?" ಎಂದು ಕೇಳಿದ. ಒಂಬತ್ತು ಜನರೂ ಅವಳ ಕಡೆ ತಿರುಗಿದರು. ಅವಳು ಕಾಫಿ ಉಕ್ಕಿತು ಎಂದು ಒಳಗೆ ಓಡಿದಳು. ಕಾಫಿ ಒಲೆಯ ಮೇಲೇ ಇರಲಿಲ್ಲ.

ಕುಸ್ತಾ ಎದ್ದು ನಿಂತು ಕ್ಷಮೆ ಕೇಳಿದ. ತಂಬಾಕು ತೆಗೆದುಕೊಳ್ಳಲಿಲ್ಲ.

ಈಗ ಕೇಳು. ಕಾಗದವನ್ನು ಸಭಾಭವನದ ಬೋರ್ಡಿಗೆ ಅಂಟಿಸು. ನನ್ನ ಹೆಸರು ಊರಿಗೆಲ್ಲ ಕಾಣಲಿ. ಅಣ್ಣ ತಂಗಿಯ ಅನ್ನ ಉಂಡ ಎಂದರೆ ಅನ್ನಲಿ, ನಾನೇ ಅಂದುಕೊಂಡಾಯಿತು. ಆದರೆ ಅದರಲ್ಲಿ ಒಂದು ಸುಳ್ಳಿದೆ, ಅದನ್ನು ತಿದ್ದದೆ ಅಂಟಿಸಿದರೆ ನಾನೇ ಬಸ್ಸು ಹತ್ತಿ ಬಂದು ಹರಿಯುತ್ತೇನೆ. 'ಎಲ್ಲ' ಎಂದು ಯಾಕೆ ಬರೆದೆ? ಎಲ್ಲ ನೀನು ಕೊಟ್ಟೆಯಾ? ಕಳೆದ ವರ್ಷ ಮೂವತ್ತೊಂದು ಬಲೆ ಹೆಣೆದಿದ್ದೇನೆ, ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೇನೆ. ನಾನೂರ ಹನ್ನೆರಡು ಡಾಲರ್. ಬೂಟು, ಕಾಫಿ, ತಂಬಾಕು, ಬೆನ್ನಿಗೆ ಹಚ್ಚುವ ಮುಲಾಮು, ನಿನಗೆ ಬರೆಯುವ ಕಾಗದಕ್ಕೆ ಹಚ್ಚುವ ಸ್ಟ್ಯಾಂಪು, ಎಲ್ಲ ನನ್ನ ಬೆರಳಿನ ದುಡಿಮೆ. ಸೊನ್ನೆ ಅಂತೆ! ಅವಲಂಬಿತ ಎಂದು ಬರೆದದ್ದನ್ನು ನುಂಗಿಕೊಂಡೆ. ಆ ಸೊನ್ನೆ ಇಳಿಯುತ್ತಿಲ್ಲ.

ಹಾಸಿಗೆಯನ್ನು ಅಟ್ಟದಿಂದ ವಾಪಸು ತಂದಿದ್ದೇನೆ.

ತೌನೊ

*

ಸ್ಯಾಂಡ್ ಕ್ರೀಕ್
7 ನವೆಂಬರ್ 1974

ಅಣ್ಣಾ,

ಸೋತೆ. ನೂರ ಮೂವತ್ತೆಂಟು ಓಟಿನಿಂದ. ಅತ್ತಾಯಿತು, ಈಗ ಸಮಾಧಾನವಾಗಿದ್ದೇನೆ. ಉಳಿದದ್ದನ್ನು ಕ್ರಮವಾಗಿ ಹೇಳುತ್ತೇನೆ.

ನಿನ್ನ ಕಾಗದ ಬಂದದ್ದು ಹೋದ ವಾರದ ಬುಧವಾರ. ಮರುದಿನವೇ ತೆರಿಗೆ ಕಚೇರಿಗೆ ಹೋದೆ. ತಿದ್ದುಪಡಿಗೆ ಬೇರೆ ಫಾರಂ ಇದೆ. ಗುಮಾಸ್ತ ನೋಡಿ, "ಇದ್ರಿಂದ ನಿಮ್ ತೆರಿಗೇಲಿ ಒಂದು ಸೆಂಟೂ ವ್ಯತ್ಯಾಸ ಆಗಲ್ಲಮ್ಮ. ನಾನೂರ ಹನ್ನೆರಡು ಅಂದ್ರೂ ಅವ್ರು ನಿಮ್ ಅವಲಂಬಿತರೇ. ಯಾಕ್ ತೊಂದ್ರೆ ತಗೋತೀರಾ?" ಎಂದ. "ನಿಮಗೆ ವ್ಯತ್ಯಾಸ ಇಲ್ಲ, ನಮಗಿದೆ. ಠಸ್ಸೆ ಒತ್ತಿ" ಎಂದೆ. ಬದಲಾವಣೆಗೆ ಕಾರಣ ಬರೆಯಬೇಕಿತ್ತು. 'ಮೊದಲು ಬರೆದದ್ದು ನಿಜವಲ್ಲ. ಅಣ್ಣ ಬಲೆ ಹೆಣೆದು ಸಂಪಾದಿಸಿ ತನ್ನ ಖರ್ಚಿಗೆ ತಾನೇ ಕೊಟ್ಟಿದ್ದಾನೆ' ಎಂದು ಬರೆದೆ.

ಶನಿವಾರ ಎರಡನ್ನೂ ಅಕ್ಕಪಕ್ಕ ಅಂಟಿಸಿದೆ. ತಪ್ಪಿದ್ದದ್ದು, ತಿದ್ದಿದ್ದು. ಜನ ಬಂದರು, ಆದರೆ ಮೊದಲಿನಷ್ಟಲ್ಲ. ಅವರ ಮನಸ್ಸಿನಲ್ಲಿ ನಾನು ಆಗಲೇ ಮಾತಿಗೆ ತಪ್ಪಿದವಳು. ಆರ್ವಿಡ್‌ನ ಸಂಬಳ ನೋಡಿ, "ಇಷ್ಟೇನಾ?" ಎಂದವರೇ ಹೆಚ್ಚು. ಚರ್ಚಿನ ಸಾರಾ ಅಜ್ಜಿ ಕನ್ನಡಕ ಏರಿಸಿ ನಿನ್ನ ಸಾಲು ಓದಿ, "ಈ ಬೆನ್ನಲ್ಲಿ ಮೂವತ್ತೊಂದು ಬಲೇನಾ? ಎಲಾ ಇವ್ನ!" ಎಂದಳು. ಬಲೆಯ ಸಂಖ್ಯೆ ಫಾರಂನಲ್ಲಿರಲಿಲ್ಲ. ನಾನೇ ಹೇಳಿದ್ದೆ.

ಪ್ರೂಟ್ ಕೂಡ ಬಂದ. ಹೊರಗೆ ಟ್ರಕ್ಕಿನಲ್ಲಿ ಅವನ ಹೆಂಡತಿ ಕೂತಿದ್ದಳು, ಇಳಿಯಲಿಲ್ಲ. ಎರಡೂ ಕಾಗದ ಓದಿ, "ನಾನು ತೋರ್ಸಲ್ಲ ಲೆಂಪಿ. ನೀವೇನ್ ಬೇಕಾದ್ರೂ ಅಂದ್ಕೊಳ್ಳಿ" ಎಂದು ಹೋದ. ಮೂರು ದಿನ ಕಳೆದು ಗೆದ್ದ. ಅವನು ಮರ ಮುಚ್ಚಿಟ್ಟಿದ್ದಾನೋ ಮನುಷ್ಯರನ್ನು ಮುಚ್ಚಿಟ್ಟಿದ್ದಾನೋ ಊರಿಗೆ ತಿಳಿಯಲೇ ಇಲ್ಲ. ಇದು ಸರಿಯಲ್ಲ ಎಂದು ಈಗಲೂ ಹೇಳುತ್ತೇನೆ. ಓಟು ಕೇಳುವವರು ಕಾಗದ ತೋರಿಸಲೇಬೇಕು. ಆದರೆ ಬಾಯಿ ಬಿಡುವ ಮೊದಲು ಒಳಗೆ ಹೆಸರಿರುವವರನ್ನು ಕೇಳಬೇಕಿತ್ತು. ನಾನು ಕೇಳಲಿಲ್ಲ. ಎಂಟು ವರ್ಷದ ಹಿಂದೆಯೂ ಕೇಳಲಿಲ್ಲ, ಈಗಲೂ ಕೇಳಲಿಲ್ಲ. ಅದಕ್ಕೆ ನಿನ್ನ ಕ್ಷಮೆ ಬೇಕು ನನಗೆ. ಚುನಾವಣೆಗಿಂತ ಅದೇ ಹೆಚ್ಚು ಕೊರೆಯುತ್ತಿದೆ.

ಲೆಂಪಿ

*

ಆಸ್ಟೋರಿಯಾ
14 ನವೆಂಬರ್ 1974

ತಂಗಿ ಲೆಂಪಿಗೆ,

ಪತ್ರಿಕೆ ಬಂತು. ತಿದ್ದಿದ ಕಾಗದವನ್ನು ಪೂರ್ತಿ ಅಚ್ಚು ಹಾಕಿದ್ದಾರೆ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಮೇಜಿನಲ್ಲಿ ಓದಿದೆ. ನನ್ನ ಸಾಲು ಬಂದಾಗ ನೀರು ಕುಡಿದು ಮುಂದುವರಿಸಿದೆ. ಆರ್ವಿಡ್‌ನ ಸಂಬಳ ಕೇಳಿ ಇಲ್ಲಿಯೂ "ಇಷ್ಟೇನಾ?" ಎಂದರು. ಆ ಅಂಕಿಯನ್ನು ನಾನು ಇನ್ನೊಮ್ಮೆ ಓದಿಕೊಂಡೆ ಕಣೇ. ಅಷ್ಟರಲ್ಲಿ ನನ್ನನ್ನೂ ಸಾಕಿದಿರಲ್ಲ. ಆರ್ವಿಡ್‌ಗೆ ಹೇಳು, ಅವನನ್ನು ಕಳ್ಳ ಎಂದು ಎಣಿಸಿದ್ದಕ್ಕೆ ಅವನ ಮುಂದೆ ನಿಂತು ಕ್ಷಮೆ ಕೇಳಬೇಕು ನಾನು.

ನೀನು ಸೋತದ್ದಕ್ಕೆ ಇವರೆಲ್ಲ ಒಂದು ಹೊತ್ತು ಕಾಫಿಗೆ ಸಕ್ಕರೆ ಹಾಕಿಕೊಳ್ಳಲಿಲ್ಲ. ಅವರ ಮಟ್ಟಿಗೆ ಅದು ದೊಡ್ಡ ಶೋಕಾಚರಣೆ. ಎರಡು ವರ್ಷಕ್ಕೆ ಮತ್ತೆ ಚುನಾವಣೆ ಬರುತ್ತದಂತೆ, ಕುಸ್ತಾ ಹೇಳಿದ. ಆ ಕುಸ್ತಾ!

ಕ್ಷಮೆ ಎಂದೆಯಲ್ಲ. ಸಿಟ್ಟು ಪೂರ್ತಿ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ. ಎಂಟು ವರ್ಷದ ಸುಳ್ಳಿನ ಸಿಟ್ಟನ್ನು ಒಂದು ತಿಂಗಳಲ್ಲಿ ತಿಂದು ಮುಗಿಸಲು ನನ್ನಿಂದಾಗದು. ಆದರೆ ಹಿಲ್ಮಾಳ ಹೆಸರಿಗೆ ಇನ್ನು ಚೆಕ್ಕು ಕಳಿಸಬೇಡ. ನನ್ನ ಹೆಸರಿಗೆ ಕಳಿಸು. ಬಲೆಯ ದುಡ್ಡು ಎಷ್ಟು ಬಂತೆಂದು ಪ್ರತಿ ತಿಂಗಳು ಬರೆಯುತ್ತೇನೆ, ಅದನ್ನು ಕಳೆದು ಉಳಿದದ್ದು ಕಳಿಸು. ಒಂದನೇ ತಾರೀಖು ನಾನೇ ಬ್ಯಾಂಕಿಗೆ ಹೋಗಿ ಚೆಕ್ಕು ಮುರಿಸಿ, ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲರ ಎದುರಿಗೆ ಹಿಲ್ಮಾಳ ಕೈಗೆ ಕೊಡುತ್ತೇನೆ. ಯಾರಾದರೂ ಎಲ್ಲಿಂದ ಬಂತು ಎಂದು ಕೇಳಿದರೆ, ನನ್ನ ತಂಗಿ ಕಳಿಸಿದ್ದು ಎನ್ನುತ್ತೇನೆ.

ನಿನ್ನ ಅಣ್ಣ,
ತೌನೊ